ತಿಂಗಳಿಗೊಂದು ಕಾದಂಬರಿ: ನಾಲ್ಕು ವರ್ಷಗಳ ಚಂದಾದಾರಿಕೆಯ ನಂತರ

ತಿಂಗಳಿಗೊಂದು ಕನ್ನಡ ಕಾದಂಬರಿಯನ್ನು ಅಂಚೆಯಲ್ಲಿ ಮನೆಗೆ ಕಳುಹಿಸಿ, ಆ ತಿಂಗಳ ಕೊನೆಯ ಭಾನುವಾರ ಓದಿದವರನ್ನೆಲ್ಲ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಒಂದೆಡೆ ಕೂರಿಸಿ ಮಾತನಾಡಿಸುವ ಯೋಜನೆಯೊಂದಕ್ಕೆ ನಾನು 2021ರ ಅಕ್ಟೋಬರಿನಲ್ಲಿ ಚಂದಾ ಕಟ್ಟಿದೆ. ಮೊದಲ ವರ್ಷ 3,000 ರೂಪಾಯಿ ಇದ್ದ ಚಂದಾ ಈಗ 3,600 ಆಗಿದೆ. ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಕೆಲವರು ನನ್ನ ಅಭಿಪ್ರಾಯ ಕೇಳಿದ್ದರಿಂದ, ಇಷ್ಟು ದಿನದ ಅನುಭವವನ್ನು ಓದಿದ ಪುಸ್ತಕಗಳ ಸಮೇತ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುವುದಾದರೆ, ಬರೀ ಪುಸ್ತಕಗಳಿಗಾಗಿ ಈ ಚಂದಾ ಕಟ್ಟುವ ಅಗತ್ಯವಿಲ್ಲ. ಅವೇ ಪುಸ್ತಕಗಳು ಅಂಗಡಿಯಲ್ಲಿ ರಿಯಾಯಿತಿ ದರಕ್ಕೆ ಸಿಗುತ್ತವೆ. ಜೊತೆಗೆ ಕೂತು ಓದುವ ಜನ ಸಿಗುತ್ತಾರೆ ಎನ್ನುವುದಕ್ಕಾಗಿ ಕಟ್ಟಬಹುದು, ಅದರಲ್ಲೂ ಕಾದಂಬರಿಯೊಳಗಿನ ಬದುಕನ್ನು ಸ್ವತಃ ಬಾಳಿದವರು ಆ ಗುಂಪಿನಲ್ಲಿದ್ದರೆ ಖಂಡಿತ ಕಟ್ಟಬೇಕು.

ಸರಬರಾಜಿನ ಮಾತನ್ನು ಬೇಗ ಮುಗಿಸುತ್ತೇನೆ. ಬೇಸಿಗೆಯಲ್ಲಿ ಪುಸ್ತಕ ತಿಂಗಳ ಮೊದಲ ವಾರದೊಳಗೆ ಕೈ ಸೇರುತ್ತದೆ. ಮಳೆಗಾಲದಲ್ಲಿ ಹಾಗಿಲ್ಲ. 2022ರ ಜುಲೈನಲ್ಲಿ ಬಂದ ಪೊಟ್ಟಣಕ್ಕೆ ಬರೀ ಖಾಕಿ ಕಾಗದ ಸುತ್ತಿದ್ದರು. ಅಂಚೆಯಣ್ಣ ಕೊಡೆಯನ್ನು ಚೀಲಕ್ಕೆ ಹಿಡಿದು ತಾನು ನೆನೆದುಕೊಂಡು ಬಂದಿದ್ದರೂ ಒಳಗಿನ ಪುಸ್ತಕದ ಅರ್ಧಭಾಗ ಒದ್ದೆಯಾಗಿತ್ತು. ಬಚ್ಚಲೊಲೆಯ ಎದುರು ಹಗ್ಗ ಕಟ್ಟಿ, ಪುಸ್ತಕವನ್ನು ಕವುಚಿ ನೇತುಹಾಕಿ ಎರಡು ದಿನ ಒಣಗಿಸಿದೆ. ಪುಟಗಳು ಹಪ್ಪಳದಂತೆ ಸೆಟೆದುಕೊಂಡವು, ಇಂದಿಗೂ ಅದಕ್ಕೆ ಹೊಗೆಯ ವಾಸನೆಯಿದೆ. ದೂರು ಕೊಟ್ಟಾಗ ಬದಲಿ ಪ್ರತಿ ಬರಲಿಲ್ಲ, ಆದರೆ ಮುಂದಿನ ತಿಂಗಳಿನಿಂದ ಪ್ಲಾಸ್ಟಿಕ್ ಹೊದಿಕೆ ಬಂತು. ಬರೀ ಗೋಂದಿನಿಂದ ಅಂಟಿಸಿದ ಪುಸ್ತಕಗಳು ನಮ್ಮ ತೇವದಲ್ಲಿ ಎರಡನೆಯ ಮಳೆಗಾಲ ದಾಟುವುದು ಕಷ್ಟ, ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತವೆ. ಆಯ್ಕೆ ಇದ್ದರೆ ಹೊಲಿಗೆ ಹಾಕಿದ ಗಟ್ಟಿ ರಟ್ಟಿನ ಪ್ರತಿಯನ್ನೇ ಕೇಳಿ ಪಡೆಯಿರಿ ಎಂದು ಮಲೆನಾಡಿನ ಓದುಗರಿಗೆ ಹೇಳುತ್ತೇನೆ.

ಹಾಗೆ ನೆನೆದು ಬಂದದ್ದು ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’. 2019ರಲ್ಲಿ ಪ್ರಕಟವಾದ ಈ ಕಾದಂಬರಿ ಲಿಸ್ಬನ್ನಿನ ತೇಜೋ ನದಿಯ ದಡದಲ್ಲಿ ಒಂದು ಕಥೆಯನ್ನೂ ವಿಜಯನಗರದ ಕಾಲದ ತುಂಗಭದ್ರೆಯ ದಡದಲ್ಲಿ ಇನ್ನೊಂದು ಕಥೆಯನ್ನೂ ಬೆಳೆಸಿ, ಎರಡನ್ನೂ ಗೋವೆಯಲ್ಲಿ ಕೂಡಿಸುತ್ತದೆ. ಪೋರ್ಚುಗೀಸರು ಸಮುದ್ರ ದಾಟಿ ಬಂದದ್ದು ಕರಿಮೆಣಸಿಗೆ ಎಂಬುದನ್ನು ಶಾಲೆಯಲ್ಲಿ ಓದಿದ್ದೆ. ನಮ್ಮ ಅಡಿಕೆ ಮರಗಳಿಗೆ ಹಬ್ಬಿಸಿದ ಬಳ್ಳಿಯ ಮೆಣಸನ್ನು ಅಂಗಳದಲ್ಲಿ ಹರವುತ್ತಲೇ ಬೆಳೆದಿದ್ದರೂ, ಆ ಕಾಳಿಗಾಗಿ ಮನುಷ್ಯರು ಹಡಗಿನೊಳಗೆ ಏನೇನು ಸಹಿಸಿದರು, ಬೇರೆಯವರಿಂದ ಏನೇನು ಸಹಿಸುವಂತೆ ಮಾಡಿದರು ಎಂಬುದು ನನ್ನ ಎದೆಗೆ ತಟ್ಟಿದ್ದು ಈ ಪುಸ್ತಕದಿಂದ. ಅಷ್ಟು ದಪ್ಪದ ಪುಸ್ತಕವನ್ನು ಕೈಬಿಡದೆ ಓದಿಸಿಕೊಂಡು ಹೋಗುವ ಶಕ್ತಿ ಸಾಮಾನ್ಯದ್ದಲ್ಲ. ನನ್ನ ಆಕ್ಷೇಪ ಒಂದೇ. ಒಡೆಯನ ಜೊತೆ ಪ್ರಾಣ ಬಿಡುವ ಲೆಂಕರ ಪ್ರತಿಜ್ಞೆಯಂಥ ಆಚರಣೆಗಳು ಒಂದಾದ ಮೇಲೊಂದು ಎದುರಾಗುತ್ತವೆ. ಒಂದು ಸಂಕಟದ ಜೊತೆ ನಾವು ಸ್ವಲ್ಪ ಹೊತ್ತು ಕೂರುವುದರೊಳಗೆ ಕಾದಂಬರಿ ಮುಂದಿನ ಸಂಕಟಕ್ಕೆ ನಮ್ಮನ್ನು ಎಳೆದೊಯ್ಯುತ್ತದೆ. ಇಡೀ ಪುಸ್ತಕದಲ್ಲಿ ನನ್ನೊಂದಿಗೆ ಉಳಿದವಳು ಹಂಪಮ್ಮ. ಅವಳ ಬಗ್ಗೆ ನಮ್ಮ ಬಳಗದಲ್ಲಿ ಎರಡು ಗಂಟೆ ಮಾತು ನಡೆದರೂ ಮುಗಿಯಲಿಲ್ಲ.

ಇದಕ್ಕೆ ತೀರ ವಿರುದ್ಧ ತುದಿಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕಿರುಕಾದಂಬರಿ. ಚಿಕ್ಕಪ್ಪ ಕಟ್ಟಿದ ಮಸಾಲೆ ವ್ಯಾಪಾರದಿಂದ ಏಕಾಏಕಿ ಸಿರಿವಂತರಾದ ಬೆಂಗಳೂರಿನ ಕುಟುಂಬವೊಂದು ತನ್ನ ನೆಮ್ಮದಿಯನ್ನು ಕಾಪಾಡಿಕೊಳ್ಳಲು ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಅದು ದನಿ ಏರಿಸದೆ ತೋರಿಸುತ್ತದೆ. ನಾಲ್ಕು ವರ್ಷಗಳಲ್ಲಿ ಚರ್ಚೆಗೆ ಇದಕ್ಕಿಂತ ಒಳ್ಳೆಯ ಪುಸ್ತಕ ನಮಗೆ ಸಿಕ್ಕಿಲ್ಲ, ಏಕೆಂದರೆ ಕೊನೆಯಲ್ಲಿ ಏನಾಯಿತೆಂದು ಲೇಖಕರು ಹೇಳುವುದಿಲ್ಲ. ಓದುಗರೇ ತೀರ್ಮಾನಿಸಬೇಕು, ತೀರ್ಮಾನಿಸುವಾಗ ತಾವೆಂಥವರೆಂಬುದೂ ಸ್ವಲ್ಪ ಹೊರಬೀಳುತ್ತದೆ. ಅಡಿಕೆಗೆ ದರ ಬಂದ ವರ್ಷಗಳಲ್ಲಿ ನಮ್ಮ ಊರುಗಳ ಕೂಡುಮನೆಗಳಲ್ಲಿ ಮಾತು ಹೇಗೆ ಕಡಿಮೆಯಾಯಿತು, ಯಾರ ಮಾತಿಗೆ ಬೆಲೆ ಬಂತು ಎಂದು ಅಂದು ಬಳಗದ ಹೆಂಗಸರು ಹೇಳಿದ್ದನ್ನು ಕೇಳಿದ ಮೇಲೆ ಅದು ಬೆಂಗಳೂರಿನ ಕಥೆಯಾಗಿ ಉಳಿಯಲಿಲ್ಲ. ಹಳೆಯ ಮನೆಯಲ್ಲಿ ತಾಯಿ ಇರುವೆಗಳ ಮೇಲೆ ಸಾರುವ ಯುದ್ಧದ ಭಾಗವನ್ನು ಮೂರು ಸಲ ಓದಿದೆನೆಂದು ಒಬ್ಬರು ಹೇಳಿದರು. ಆ ಕೋಪ ನಿಜವಾಗಿ ಯಾರ ಮೇಲಿನದು ಎಂದು ಅವರು ಕೇಳಿದಾಗ ಕೆಲವು ಕ್ಷಣ ಯಾರೂ ಮಾತಾಡಲಿಲ್ಲ.

ಯೋಜನೆಯ ದೊಡ್ಡ ದೋಷ ಗೊತ್ತಾದದ್ದು 2023ರ ಜೂನ್ ತಿಂಗಳಲ್ಲಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಯೋಜನೆಯವರು ಒಂದೇ ತಿಂಗಳಿಗೆ ನಿಗದಿ ಮಾಡಿದ್ದರು. 1967ರಲ್ಲಿ ಹೊರಬಂದ ಈ ಕೃತಿ ಏಳುನೂರು ಪುಟಗಳ ಆಸುಪಾಸಿನದು. ಅದಕ್ಕಿಂತ ಹೆಚ್ಚಾಗಿ, ಅವಸರ ಮಾಡಿದವರನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ಕಾಡುದಾರಿಯಲ್ಲಿ ನಡೆಯುವ ವೇಗದಲ್ಲೇ ನಾವೂ ನಡೆಯಬೇಕು. ಆ ತಿಂಗಳ ಸಭೆಗೆ ಬಂದ ಹದಿನೈದು ಜನರಲ್ಲಿ ಪುಸ್ತಕ ಮುಗಿಸಿದ್ದವರು ಮೂವರು. ಉಳಿದವರು ಹೆಸರುಗಳ ಕಾಡಿನಲ್ಲಿ ದಾರಿ ತಪ್ಪಿದ್ದರು.

ಆಗ ಸದಸ್ಯರೇ ಒಂದು ತೀರ್ಮಾನಕ್ಕೆ ಬಂದೆವು: ಯೋಜನೆಯ ಪುಸ್ತಕಗಳು ಅವುಗಳ ಪಾಡಿಗೆ ಬರಲಿ, ನಾವು ಅಕ್ಟೋಬರಿನವರೆಗೂ ಇದೊಂದನ್ನೇ ಓದೋಣ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಾದಂಬರಿಯೊಳಗಿನ ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿಗಳನ್ನು ಗುರುತಿಸಿ, ಒಂದೊಂದು ಮನೆಯ ಕೆಳಗೆ ಆ ಮನೆಯವರ ಹೆಸರನ್ನೂ ಅವರ ಹೊಲಗೇರಿಯ ಒಕ್ಕಲಿನ ಹೆಸರನ್ನೂ ಬರೆದೆವು. ಈ ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟವರೆಲ್ಲ ಹೀಗೊಂದು ಪಟ ಮಾಡಿಕೊಂಡು ಮತ್ತೆ ಶುರುಮಾಡಲಿ ಎಂಬುದು ನನ್ನ ಪ್ರಾರ್ಥನೆ. ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದ ಕಿರಿಯ ಸದಸ್ಯೆಯೊಬ್ಬಳಿಗೆ ಕಂಬಳಿಕೊಪ್ಪೆ ಎಂದರೆ ಏನೆಂದು ಗೊತ್ತಿರಲಿಲ್ಲ. ಮುಂದಿನ ಸಭೆಗೆ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ತಮ್ಮ ತಂದೆ ಗದ್ದೆಗೆ ಹೊದ್ದು ಹೋಗುತ್ತಿದ್ದ ಕಂಬಳಿಯನ್ನೇ ತಂದು, ಅದರ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ಕೊಪ್ಪೆ ಮಾಡಿ ಅವಳ ತಲೆಯ ಮೇಲಿಟ್ಟರು. ಉಣ್ಣೆಗೆ ಹೊಗೆಯೂ ಬೂಸಲೂ ಸೇರಿದ ವಾಸನೆಯಿತ್ತು. “ಇಷ್ಟು ಭಾರನಾ ಇದು?” ಎಂದಳು. “ನೆನೆದ ಮೇಲೆ ನೋಡ್ಬೇಕು ಮಗಾ” ಎಂದರು ಅವರು. ಆಮೇಲೆ ಅವಳು ಗುತ್ತಿಯ ಬಗ್ಗೆ ಮಾತಾಡಿದ ರೀತಿಯೇ ಬೇರೆಯಾಯಿತು. ಗುತ್ತಿಯ ನಾಯಿ ಹುಲಿಯ ತುಂಗೆಯ ನೆರೆಯ ಪಾಲಾಗುವ ಭಾಗವನ್ನು ನಾವು ಗಟ್ಟಿಯಾಗಿ ಓದಿಸಿದೆವು. ಓದುತ್ತಿದ್ದವರ ಗಂಟಲು ಕಟ್ಟಿ, ಪುಸ್ತಕವನ್ನು ಪಕ್ಕದವರಿಗೆ ದಾಟಿಸಿದರು. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಕಾದಂಬರಿಯನ್ನು ನಾನು ಓದಿಲ್ಲ, ಓದುವೆನೆಂಬ ನಿರೀಕ್ಷೆಯೂ ನನಗಿಲ್ಲ.

2025ರ ಜನವರಿಯಲ್ಲಿ ನಾ. ಡಿಸೋಜ ಅವರು ತೀರಿಕೊಂಡರು. ಸಾಗರದಲ್ಲೇ ಬಾಳಿದ, ಲೋಕೋಪಯೋಗಿ ಇಲಾಖೆಯಲ್ಲಿ ದುಡಿಯುತ್ತಲೇ ಬರೆದ, ಶರಾವತಿ ಕಣಿವೆಯ ಮುಳುಗಡೆಯನ್ನು ಮತ್ತೆ ಮತ್ತೆ ಕಾದಂಬರಿಗೆ ತಂದ ಲೇಖಕರು ಅವರು. ಫೆಬ್ರುವರಿಯ ಸಭೆಗೆ ಅವರ ‘ದ್ವೀಪ’ವನ್ನು ಆರಿಸಿಕೊಂಡೆವು. ಗಿರೀಶ ಕಾಸರವಳ್ಳಿಯವರು ಅದನ್ನು ಚಲನಚಿತ್ರ ಮಾಡಿ, ಅದಕ್ಕೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿರುವುದರಿಂದ, ಸಿನಿಮಾ ನೋಡಿದ್ದೇವೆ, ಇನ್ನು ಓದುವುದೇನಿದೆ ಎಂದುಕೊಂಡವರು ನಮ್ಮಲ್ಲೂ ಇದ್ದರು. ಅವರು ಪುಸ್ತಕವನ್ನೂ ಓದಬೇಕು. ಗಣಪಯ್ಯ, ನಾಗವೇಣಿ, ಅವರ ನಡುವೆ ಬಂದು ನಿಲ್ಲುವ ಕೃಷ್ಣಯ್ಯ, ಸುತ್ತ ಏರುತ್ತಿರುವ ನೀರು: ಇಷ್ಟೇ ಸಾಮಗ್ರಿ. ಯಾರನ್ನೂ ಬೈಯದ ಗದ್ಯ. ಆದರೆ ನೀರು ಏರಿದಂತೆಲ್ಲ ಗಂಡ ಹೆಂಡಿರ ನಡುವಿನ ಜಾಗ ಕಿರಿದಾಗುವ ಬದಲು ಅಗಲವಾಗುತ್ತ ಹೋಗುವುದನ್ನು ಲೇಖಕರು ಕಾಣಿಸಿದ ಬಗೆ ನನ್ನನ್ನು ಬಹಳ ದಿನ ಕಾಡಿತು.

ನಮ್ಮ ಬಳಗಕ್ಕೆ ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯಿಂದ ಒಬ್ಬ ಹಿರಿಯರು ಬರುತ್ತಾರೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದಾಗ ಅವರಿಗೆ ಒಂಬತ್ತು ವರ್ಷ. ಗಣಪಯ್ಯನದು ಹಠ, ಮೊದಲೇ ಹೊರಟುಹೋಗಬಹುದಿತ್ತು ಎಂದು ನಾನು ಸಭೆಯಲ್ಲಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಹಠ ಅಲ್ಲ ಅಮ್ಮಾ. ನೀರು ಒಂದೇ ದಿನ ಬರ್ಲಿಲ್ಲ. ಇವತ್ತು ಗದ್ದೆ ಬದು, ನಾಳೆ ಕೊಟ್ಟಿಗೆ. ಇಷ್ಟಕ್ಕೇ ನಿಲ್ಬಹುದು ಅಂತ ಎಲ್ಲರಿಗೂ ಆಸೆ” ಎಂದರು. ಅವರ ತಂದೆ ಮನೆಯ ಹೆಂಚು ಇಳಿಸಿ, ಹೆಬ್ಬಾಗಿಲಿನ ದಾರಂದವನ್ನು, ಅಂದರೆ ಮರದ ಚೌಕಟ್ಟನ್ನು, ಕಿತ್ತು ಹೊಸ ಜಾಗಕ್ಕೆ ಸಾಗಿಸಿದರಂತೆ. ಹಳೆಯ ಮಣ್ಣಿನ ಗೋಡೆಯ ದಪ್ಪಕ್ಕೆ ಕೆತ್ತಿದ ಆ ದಾರಂದ, ಹೊಸ ಮನೆಯ ತೆಳು ಗೋಡೆಯಿಂದ ನಾಲ್ಕು ಬೆರಳು ಹೊರಕ್ಕೆ ಚಾಚಿಕೊಂಡು ಇಂದಿಗೂ ಇದೆ. ಕತ್ತರಿಸಿ ಸರಿಮಾಡಿಸೋಣವೆಂದು ಮಕ್ಕಳು ಹೇಳಿದರೂ ಅವರು ಬಿಟ್ಟಿಲ್ಲ. ನಾನು ಮನೆಗೆ ಬಂದು ‘ದ್ವೀಪ’ವನ್ನು ಮೊದಲಿನಿಂದ ಓದಿದೆ, ಗಣಪಯ್ಯನ ಬಗ್ಗೆ ನಾನು ಪುಟದಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ ಟಿಪ್ಪಣಿಯನ್ನು ಅಳಿಸಿದೆ.

ಇಂಥದ್ದು ಫೋನಿನ ಗುಂಪಿನಲ್ಲಿ ಆಗುವುದಿಲ್ಲ. ಯೋಜನೆಯವರು ನಡೆಸುವ ವಾಟ್ಸಾಪ್ ಗುಂಪಿನಲ್ಲಿ ಪುಸ್ತಕದ ಮುಖಪುಟಗಳ ಚಿತ್ರ ಹೇರಳವಾಗಿ ಬರುತ್ತವೆ, ಪುಸ್ತಕದ ಬಗ್ಗೆ ಎರಡು ಸಾಲಿನ ಹೊಗಳಿಕೆಯೂ ಬರುತ್ತದೆ. ಇಷ್ಟವಾಗಲಿಲ್ಲ ಎಂದು ಕಾರಣ ಸಹಿತ ಬರೆದವರು ಅಪರೂಪ. ಲೇಖಕರನ್ನೇ ಸಭೆಗೆ ಕರೆಸುವ ಪದ್ಧತಿಯ ಬಗ್ಗೆಯೂ ನನಗೆ ತಕರಾರಿದೆ. ಒಮ್ಮೆ ಹಾಗೆ ಕರೆಸಿದಾಗ ಸನ್ಮಾನ, ಹಾರ, ಪರಿಚಯ ಭಾಷಣಗಳಲ್ಲೇ ಒಂದೂವರೆ ಗಂಟೆ ಕಳೆಯಿತು, ಪುಸ್ತಕದ ಎರಡನೆಯ ಭಾಗ ಸಡಿಲವಾಗಿದೆ ಎಂದು ಹಿಂದಿನ ವಾರ ನನ್ನೊಂದಿಗೆ ಹೇಳಿದ್ದ ನಾಲ್ವರೂ ಅಂದು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ, ಅದು ತಪ್ಪು. ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ರಂಗಸಂಸ್ಥೆ ಇದೆ. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ನಾಟಕ ಮುಗಿದ ಮರುದಿನ ಅದನ್ನು ಮಾಡಿದವರ ಎದುರೇ ಪ್ರೇಕ್ಷಕರು ಸಂಕೋಚವಿಲ್ಲದೆ ಪ್ರಶ್ನೆ ಕೇಳುವುದನ್ನು ನಾನು ಕಂಡಿದ್ದೇನೆ. ಅಂಥ ನೆರೆಹೊರೆಯಲ್ಲಿದ್ದುಕೊಂಡು ನಾವು ಅಷ್ಟನ್ನಾದರೂ ಕಲಿಯಬೇಕು. ಲೇಖಕರು ಬರುವುದಾದರೆ ನಮ್ಮ ಚರ್ಚೆ ಮುಗಿದ ಮೇಲಿನ ತಿಂಗಳು ಬರಲಿ.

ಇನ್ನೊಂದು ಕೊರತೆ ವೇಳೆಯದು. ಅಡಿಕೆ ಗೊನೆಗಳ ಕೊಯ್ಲು ಶುರುವಾದ ಮೇಲೆ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವವರೆಗೆ ನಮ್ಮ ಕಡೆಯ ಹೆಂಗಸರಿಗೆ ಭಾನುವಾರ ಎಂಬುದೇ ಇರುವುದಿಲ್ಲ. ತೀರ್ಥಹಳ್ಳಿಯವರೇ ಆದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು 2022ರ ಡಿಸೆಂಬರಿಗೆ ಇಟ್ಟಿದ್ದರು. ಬಾಲ್ಯದಲ್ಲೇ ವಿಧವೆಯಾದ ಮಲೆನಾಡಿನ ಹೆಣ್ಣಿನ ಆ ಕಥೆಗೆ ಮಾತು ಕೂಡಿಸಬಲ್ಲ ಹಿರಿಯ ಹೆಂಗಸರಲ್ಲಿ ಒಬ್ಬರೂ ಸಭೆಗೆ ಬರಲಾಗಲಿಲ್ಲ. ಗಂಡಸರು ಏಳು ಜನ ಕೂತು ಅದನ್ನು ಚರ್ಚಿಸಿದರು. ಅದನ್ನು ಬೇಸಿಗೆಯಲ್ಲಿ ಮತ್ತೆ ಇಡಿ ಎಂದು ಎರಡು ಬಾರಿ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.

ತುಮರಿಯ ಹಿರಿಯರು ಹಿನ್ನೀರು ದಾಟಿಸುವ ಸಂಜೆಯ ಲಾಂಚು ತಪ್ಪೀತೆಂದು ಚರ್ಚೆ ಕಾವೇರುವ ಹೊತ್ತಿಗೇ ಚೀಲ ಹೆಗಲಿಗೇರಿಸಿ ಏಳುತ್ತಿದ್ದರು. 2025ರ ಜುಲೈ 14ರಂದು ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆಯಿತು. ಆ ತಿಂಗಳ ಸಭೆಯಲ್ಲಿ ಅವರು ಮೊದಲ ಬಾರಿಗೆ ಕೊನೆಯವರೆಗೂ ಕೂತಿದ್ದರು. ಅಕ್ಟೋಬರಿನಲ್ಲಿ ನಾನು ಐದನೆಯ ವರ್ಷದ ಚಂದಾ ಕಟ್ಟಿದೆ. ಅವರೂ ಕಟ್ಟಿದ್ದಾರೆ. ‘ಮದುಮಗಳು’ ಓದಿದ ಐದು ತಿಂಗಳಲ್ಲಿ ತಾವು ಪ್ರತಿ ಸಲವೂ ಅರ್ಧ ಚರ್ಚೆಯನ್ನೇ ಕೇಳಿದ್ದೆಂದೂ, ಉಳಿದ ಅರ್ಧಕ್ಕಾಗಿ ಅದನ್ನು ಇನ್ನೊಮ್ಮೆ ಓದಬೇಕೆಂದೂ ಅವರು ಕೇಳಿದ್ದಾರೆ. ಕ್ಯಾಲೆಂಡರಿನ ಹಿಂಬದಿಯ ಆ ಪಟ ನನ್ನ ಬಳಿ ಇದೆ. ಬರುವ ಜೂನಿನಲ್ಲಿ ಮಳೆ ಹಿಡಿದ ಮೇಲೆ ಶುರುಮಾಡುತ್ತೇವೆ.