ಐದಡಿ ಎರಡಿಂಚಿನವನ ಕ್ಲಾಸಿಕ್ 350: ಮೂರು ವರ್ಷ, 27 ಸಾವಿರ ಕಿಲೋಮೀಟರ್

ಗಾಡಿ ತಂದ ಮೂರನೇ ದಿನ ಉಣಕಲ್ ಹತ್ತಿರ ಸಿಗ್ನಲ್‌ನಲ್ಲಿ ಬಿದ್ದೆ. ಓಡಿಸುವಾಗ ಅಲ್ಲ, ನಿಂತ ಮೇಲೆ. ರಸ್ತೆಯ ಎಡ ಅಂಚಿಗೆ ನಿಲ್ಲಿಸಿ ಎಡಗಾಲು ಚಾಚಿದೆ. ನೆಲ ಸಿಗಲಿಲ್ಲ. ಅದು ಇನ್ನೂ ಎರಡು ಇಂಚು ಕೆಳಗಿತ್ತು. 195 ಕೆ.ಜಿ. ಗಾಡಿ ಒಮ್ಮೆ ವಾಲಿತು ಅಂದರೆ 61 ಕೆ.ಜಿ. ಮನುಷ್ಯ ಏನು ಮಾಡಲಿಕ್ಕಾಗುತ್ತದೆ? ಮೆಲ್ಲಗೆ ಅದರ ಜೊತೆ ನಾನೂ ಮಲಗಿದೆ. ಹಿಂದಿದ್ದ ಆಟೋದವರು ಇಳಿದು ಬಂದು ಎತ್ತಿ ಕೊಟ್ಟರು. "ಸಣ್ಣ ಗಾಡಿ ತಗೋಬೇಕಿತ್ತಲ್ರೀ ಸರ" ಅಂತ ಒಂದು ಮಾತನ್ನೂ ಸೇರಿಸಿ ಕೊಟ್ಟರು.

ಅದು 2022ರ ಸೆಪ್ಟೆಂಬರ್. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಹೊಸ ಇಂಜಿನ್ನಿನದು. ದಿನಾ ಹುಬ್ಬಳ್ಳಿಯ ವಿದ್ಯಾನಗರದಿಂದ ಧಾರವಾಡದ ಸಪ್ತಾಪುರಕ್ಕೆ ಕೆಲಸಕ್ಕೆ ಹೋಗಿ ಬರುತ್ತೇನೆ, ಎರಡೂ ಕಡೆ ಸೇರಿ 35 ಕಿ.ಮೀ. ಹತ್ತಿರ. ಇಂಜಿನ್, ಸದ್ದು, ಮೈಲೇಜ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಅದರಲ್ಲಿ ತಕರಾರಿಲ್ಲ, ಹಾಗಾಗಿ ಅದನ್ನು ಬಿಡುತ್ತೇನೆ. ನನ್ನಂಥ ಗಿಡ್ಡ ಮನುಷ್ಯ ಈ ಗಾಡಿಯನ್ನು ತನಗೆ ಹೊಂದಿಸಿಕೊಳ್ಳಲು ಏನೇನು ಮಾಡಿದ, ಯಾವುದಕ್ಕೆ ದುಡ್ಡು ದಂಡ ಮಾಡಿದ, ಅಷ್ಟೇ ಇಲ್ಲಿದೆ.

ನನ್ನ ಹಳೇ ಗಾಡಿ ಸ್ಪ್ಲೆಂಡರ್. ಅದರ ಸೀಟಿನ ಎತ್ತರ 785 ಮಿ.ಮೀ. ಕ್ಲಾಸಿಕ್‌ದು 805. ಷೋರೂಮಿನಲ್ಲಿ ಕಾಗದ ನೋಡಿ ಲೆಕ್ಕ ಹಾಕಿದ್ದೆ: ಬರೀ 20 ಮಿ.ಮೀ. ಜಾಸ್ತಿ, ಒಂದು ಹೆಬ್ಬೆರಳಿನಗಲ, ಅದೇನು ದೊಡ್ಡದು ಅಂತ. ಅಲ್ಲೇ ತಪ್ಪಿದ್ದು. ಸ್ಪ್ಲೆಂಡರ್ ಮೇಲೆ ನನ್ನ ಎರಡೂ ಪಾದದ ಮುಂಭಾಗ ಆರಾಮಾಗಿ ಊರುತ್ತಿತ್ತು. ಕ್ಲಾಸಿಕ್ ಮೇಲೆ ಹೆಬ್ಬೆರಳು ಮಾತ್ರ. 20 ಮಿ.ಮೀ.ಗೆ ಇಷ್ಟು ಫರಕು ಬರುವುದಿಲ್ಲ.

ಅದರ ಗುಟ್ಟು ಅಗಲದಲ್ಲಿದೆ. ಆಡಿನ ಬೆನ್ನ ಮೇಲೆ ಕೂತರೆ ಕಾಲು ನೆಟ್ಟಗೆ ಕೆಳಗಿಳಿಯುತ್ತವೆ. ಅಷ್ಟೇ ಎತ್ತರದ ಎಮ್ಮೆಯ ಬೆನ್ನ ಮೇಲೆ ಕೂತರೆ ತೊಡೆ ಅಡ್ಡಡ್ಡ ಅಗಲವಾಗಿ, ಕಾಲು ಸುತ್ತು ಹಾಕಿ ಕೆಳಗೆ ಬರಬೇಕು. ಕ್ಲಾಸಿಕ್ ಸೀಟು ಎಮ್ಮೆಯ ಬೆನ್ನು. ಲಾಂಗ್ ಹೋಗುವವರಿಗೆ ಅದೇ ಸುಖ, ನನಗೆ ಅದೇ ಕಷ್ಟ. ಇದು ನನಗೆ ತಿಳಿದದ್ದು ಎಂಟು ತಿಂಗಳ ನಂತರ. ಅಷ್ಟರೊಳಗೆ ಮಾಡಿದ್ದೆಲ್ಲ ಎತ್ತರದ ಹಿಂದೆ ಬಿದ್ದ ಕೆಲಸ.

ಮೊದಲು ಮಾಡಿದ್ದು ಖರ್ಚಿಲ್ಲದ್ದು. ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳಿಗೆ ಸ್ಪ್ರಿಂಗ್ ಬಿಗಿ ಮಾಡುವ ಆರು ಮೆಟ್ಟಿಲು ಇವೆ. ಕೊಕ್ಕೆಯಂಥ ಪಾನಾ ಹಾಕಿ ತಿರುಗಿಸಿದರೆ ಆಯಿತು. ಎರಡೂ ಕಡೆ ತೀರ ಸಡಿಲಕ್ಕೆ, ಮೊದಲನೇ ಮೆಟ್ಟಿಲಿಗೆ ತಂದೆ. ಇದರಿಂದ ಶಾಕ್ ಗಿಡ್ಡ ಆಗುವುದಿಲ್ಲ, ನಾವು ಕೂತಾಗ ಗಾಡಿ ಇನ್ನಷ್ಟು ಕುಸಿಯುತ್ತದೆ. ನಮ್ಮಂಥವರಿಗೆ ಇಲ್ಲೊಂದು ಎರಡನೇ ಅನ್ಯಾಯ ಇದೆ. ಗಿಡ್ಡ ಇರುವವರು ಸಾಮಾನ್ಯವಾಗಿ ಹಗುರಾಗಿಯೂ ಇರುತ್ತಾರೆ. 85 ಕೆ.ಜಿ. ಮನುಷ್ಯ ಕೂತರೆ ಗಾಡಿ ತಾನಾಗಿ ತಗ್ಗುತ್ತದೆ, ಅವನಿಗೆ ಅದು ಬೇಕಾಗಿಯೇ ಇರುವುದಿಲ್ಲ. ನಾನು ಕೂತರೆ ಸ್ಪ್ರಿಂಗ್‌ಗೆ ಗೊತ್ತೇ ಆಗುವುದಿಲ್ಲ. ನಾನು ಗಾಡಿ ಮೇಲೆ ಕೂತು, ಅವ್ವನ ಕೈಯಲ್ಲಿ ಟೇಪು ಕೊಟ್ಟು ಅಳೆಸಿದೆ. ಸಡಿಲ ಮಾಡಿದ್ದಕ್ಕೆ ಸಿಕ್ಕಿದ್ದು ಸುಮಾರು ಒಂದು ಸೆಂಟಿಮೀಟರ್. ಪುಕ್ಕಟೆ ಬಂದಿದ್ದು, ಬಿಡುವುದೇಕೆ? ಆದರೆ ಹೆಂಡತಿ ಹಿಂದೆ ಕೂರುವ ದಿನ ಇದನ್ನು ಮರೆಯಬಾರದು. ಒಮ್ಮೆ ಮರೆತು ಇಬ್ಬರೂ ಗದಗಿಗೆ ಹೊರಟೆವು. ದಾರಿಯಲ್ಲಿ ಒಂದು ಊರಿನ ಹಂಪ್ ಮೇಲೆ ದೊಡ್ಡ ಸ್ಟ್ಯಾಂಡ್ ಕೆರೆದ ಸದ್ದಿಗೆ ಚಹಾದ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಈಗ ಇಬ್ಬರು ಹೋಗುವುದಿದ್ದರೆ ನಾಲ್ಕನೇ ಮೆಟ್ಟಿಲಿಗೆ ಏರಿಸುತ್ತೇನೆ. ಐದು ನಿಮಿಷದ ಕೆಲಸ.

ಎರಡನೆಯದು ನನ್ನ ದೊಡ್ಡ ತಪ್ಪು. ಒಬ್ಬ ಮಿಸ್ತ್ರಿ "ಸರ, ಹಿಂದ ಗಿಡ್ಡ ಶಾಕ್ ಹಾಕಿಬಿಡೂಣ್ರಿ, ಒಂದs ತಾಸಿನ ಕೆಲಸ" ಅಂದ. ಆತನೂ ಒಳ್ಳೇದಕ್ಕೇ ಹೇಳಿದ್ದು. ನಾನೂ ಒಂದೂವರೆ ಇಂಚು ಗಿಡ್ಡ ಇರುವ, ಬೇರೆ ಯಾವುದೋ ಗಾಡಿಯ ಜೋಡಿ ಹಾಕಿಸಿದೆ. ಕಾಲು ನೆಲಕ್ಕೆ ಬಂತು. ಒಂದು ವಾರ ಬಹಳ ಖುಷಿ.

ಆಮೇಲೆ ಒಂದೊಂದೇ ಹೊರಗೆ ಬಂತು. ಸೈಡ್ ಸ್ಟ್ಯಾಂಡ್ ಮೊದಲಿನಷ್ಟೇ ಉದ್ದ, ಗಾಡಿ ಮಾತ್ರ ಗಿಡ್ಡ. ಹಾಗಾಗಿ ನಿಲ್ಲಿಸಿದರೆ ಎಡಕ್ಕೆ ವಾಲದೆ ನೆಟ್ಟಗೆ ನಿಲ್ಲುತ್ತಿತ್ತು. ಆಫೀಸಿನ ಪಾರ್ಕಿಂಗ್‌ನಲ್ಲಿ ಯಾರದೋ ಬ್ಯಾಗು ತಗುಲಿ ಬಲಕ್ಕೆ ಬಿತ್ತು, ಪಕ್ಕದ ಎರಡು ಸ್ಕೂಟರ್‌ಗಳನ್ನೂ ಕರೆದುಕೊಂಡು. ಹಿಂದೆ ತಗ್ಗಿದರೆ ಮುಂದೆ ಮೂತಿ ಎತ್ತುತ್ತದಲ್ಲ, ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೋಗತೊಡಗಿತು. ತಿರುವಿನಲ್ಲಿ ಹ್ಯಾಂಡಲ್ ಸೋಮಾರಿ ಆಯಿತು. ಚೈನಿನ ಸಡಿಲವನ್ನು ಮತ್ತೆ ಹೊಂದಿಸಬೇಕಾಯಿತು. ಇದಕ್ಕೆಲ್ಲ ಪರಿಹಾರ ಅಂತ ಸೈಡ್ ಸ್ಟ್ಯಾಂಡನ್ನು ಕತ್ತರಿಸಿ ವೆಲ್ಡ್ ಮಾಡುತ್ತೇನೆ ಅಂತ ಅದೇ ಮಿಸ್ತ್ರಿ ಹೊರಟ. ಅಲ್ಲಿಗೆ ನಾನು ಕೈ ಮುಗಿದೆ. ಎರಡು ತಿಂಗಳಿಗೆ ಹಳೇ ಶಾಕ್ ವಾಪಸ್ ಬಂದವು. ಇನ್ನೂ ವಾರಂಟಿ ಇರುವ ಗಾಡಿಯಲ್ಲಿ ಈ ಆಟ ಆಡಬೇಡಿ, ವಾರಂಟಿ ಮುಗಿದ ಮೇಲೂ ಆಡಬೇಡಿ.

ಈಗ ಸೀಟಿನ ಕಥೆ. ಇದರಲ್ಲಿ ಎರಡು ಭಾಗ. ಮೊದಲನೇ ಸಲ ಒಂದು ಸೀಟ್ ಕವರ್ ಅಂಗಡಿಗೆ ಹೋಗಿ "ಗಿಡ್ಡ ಮಾಡಿ ಕೊಡ್ರಿ" ಅಂದೆ. ಹುಡುಗ ಬ್ಲೇಡು ತಗೊಂಡು ಮೇಲಿನಿಂದ ಒಂದೂವರೆ ಇಂಚು ಫೋಮ್ ಸೀಳಿ ತೆಗೆದ. ಅರ್ಧ ತಾಸು, 500 ರೂಪಾಯಿ. ಧಾರವಾಡ ಮುಟ್ಟುವಷ್ಟರಲ್ಲಿ ಬೆನ್ನುಮೂಳೆಯ ತುದಿ ಸೀಟಿನ ಬುಡಕ್ಕೆ ಬಡಿಯುತ್ತಿತ್ತು. ಇಷ್ಟಾಗಿಯೂ ಕಾಲು ಅಂದುಕೊಂಡಷ್ಟು ಕೆಳಗೆ ಬಂದಿರಲಿಲ್ಲ. ಅಗಲ ಹಾಗೇ ಇತ್ತಲ್ಲ! ಸೋತು ಹೊಸ ಕಂಪನಿ ಸೀಟೇ ಕೊಂಡು ಹಾಕಿಸಿದೆ. ಮತ್ತೆ ಹೆಬ್ಬೆರಳ ತುದಿಯಲ್ಲಿ ನಿಂತೆ.

ಆಗ ಒಬ್ಬ ಸಹೋದ್ಯೋಗಿ ಹಳೇ ಹುಬ್ಬಳ್ಳಿ ಕಡೆ ಇರುವ ಒಬ್ಬ ಚಾಚಾನ ಹತ್ತಿರ ಕಳಿಸಿದರು. ಟ್ರಾಕ್ಟರ್, ಜೀಪು, ಆಟೋಗಳ ಸೀಟು ಮಾಡುವ ಮನುಷ್ಯ. ಕೆಟ್ಟ ಸೀಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಕಡಿಬಾರ್ದರಿ ಸರ, ಕೆತ್ತಬೇಕು" ಅಂದರು. ನನ್ನನ್ನು ಗಾಡಿ ಮೇಲೆ ಕೂರಿಸಿ, ತೊಡೆ ಎಲ್ಲಿ ಸೀಟಿಗೆ ಒತ್ತುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಟ್ಯಾಂಕಿನ ಹತ್ತಿರದ ಎರಡೂ ಮೂಲೆಗಳನ್ನು ಓರೆಯಾಗಿ, ಪ್ರತಿ ಕಡೆ ಸುಮಾರು ಎರಡು ಸೆಂಟಿಮೀಟರ್ ಕೆತ್ತಿದರು. ಸೀಳಿ ಹೋಗಿದ್ದ ಮೇಲ್ಭಾಗಕ್ಕೆ ಗಟ್ಟಿ ಫೋಮಿನ ಒಂದು ಪದರ ಅಂಟಿಸಿ ಎತ್ತರ ಸ್ವಲ್ಪ ವಾಪಸ್ ಕೊಟ್ಟರು! ಅಂದರೆ ಮೊದಲ ಹುಡುಗ ಕಡಿದದ್ದಕ್ಕಿಂತ ಈ ಸೀಟು ಎತ್ತರ ಇದೆ. ಆದರೂ ಕಾಲು ಅದಕ್ಕಿಂತ ಚೆನ್ನಾಗಿ ಊರಿತು. ಎರಡೂ ಪಾದದ ಮುಂಭಾಗ ನೆಲದ ಮೇಲೆ. ಒಂದೇ ಕಾಲು ಇಟ್ಟರೆ ಹಿಮ್ಮಡಿಯೂ ಊರುತ್ತದೆ. 1,400 ರೂಪಾಯಿ, ಎರಡು ದಿನ. ಮೂರು ವರ್ಷದಲ್ಲಿ ಈ ಗಾಡಿಗೆ ನಾನು ಮಾಡಿದ ಅತಿ ಒಳ್ಳೇ ಖರ್ಚು ಇದೇ.

ಈ ಗಾಡಿಯಲ್ಲಿ ಓಡಿಸುವವನ ಸೀಟು, ಹಿಂದಿನವರ ಸೀಟು ಬೇರೆ ಬೇರೆ. ಅದು ದೊಡ್ಡ ಅನುಕೂಲ. ನನ್ನದನ್ನು ಎಷ್ಟು ಕೆತ್ತಿದರೂ ಹೆಂಡತಿಯ ಸೀಟಿಗೆ ಏನೂ ಆಗುವುದಿಲ್ಲ. ಒಂದು ಕೊರತೆಯೂ ಹೇಳಬೇಕು. ಹೊಲಿಗೆ ಹಾಕಿದ ರೆಕ್ಸಿನ್ ಕಂಪನಿ ಸೀಟಿನಂತೆ ನೀರು ತಡೆಯುವುದಿಲ್ಲ. ಧಾರವಾಡದ ಜುಲೈ ಮಳೆ ನಿಮಗೆ ಗೊತ್ತೇ ಇದೆ. ಹೊಲಿಗೆಯೊಳಗೆ ನೀರಿಳಿದು ಫೋಮ್ ಸ್ಪಂಜಿನಂತೆ ಕುಡಿಯಿತು. ಮಳೆ ನಿಂತು ಎರಡು ದಿನವಾದರೂ ನಾನು ಒದ್ದೆ ಪ್ಯಾಂಟಿನಲ್ಲೇ ಆಫೀಸಿಗೆ ಹೋಗುತ್ತಿದ್ದೆ. ಮತ್ತೆ ಬಿಚ್ಚಿಸಿ ರೆಕ್ಸಿನ್ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿಸಿದ ಮೇಲೆ ಸರಿ ಹೋಯಿತು. ಮೊದಲೇ ಹೇಳಿ ಹಾಕಿಸಿಕೊಳ್ಳಿ.

ಉಳಿದವು ಸಣ್ಣವು. ಹ್ಯಾಂಡಲನ್ನು ನನ್ನ ಕಡೆಗೆ ಸ್ವಲ್ಪ ತಿರುಗಿಸಿದೆ, ಪೂರ್ತಿ ಎಡಕ್ಕೆ ಬಲಕ್ಕೆ ಹೊರಳಿಸಿ ಕೇಬಲ್ ಬಿಗಿಯುತ್ತದೆಯಾ, ಟ್ಯಾಂಕಿಗೆ ತಗುಲುತ್ತದೆಯಾ ನೋಡಿದೆ. ಕ್ಲಚ್ ಲಿವರ್ ಬೆರಳಿಗೆ ಸಿಗುವಂತೆ ಕೆಳಗೆ ಬಗ್ಗಿಸಿದೆ. ದಪ್ಪ ಅಟ್ಟೆಯ ಬೂಟು ಕೊಂಡೆ. ಅದರಿಂದ ಒಂದಿಂಚು ಸಿಕ್ಕಿತು, ಆದರೆ ಬೂಟಿನ ಮೂತಿ ಗೇರ್ ಲಿವರ್ ಕೆಳಗೆ ಹೋಗದೆ ಒದ್ದಾಡಿ, ಲಿವರನ್ನೂ ಸ್ವಲ್ಪ ಮೇಲೆತ್ತಿಸಬೇಕಾಯಿತು. ಮೊದಲ ಆರು ತಿಂಗಳು ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ತುಂಬಿಸಲಿಲ್ಲ. ನಗಬೇಡಿ. 13 ಲೀಟರ್ ಪೆಟ್ರೋಲ್ ಅಂದರೆ ಹತ್ತು ಕೆ.ಜಿ. ಹತ್ತಿರ, ಅದೂ ಗಾಡಿಯ ನೆತ್ತಿಯ ಮೇಲೆ. ವಾಲುವ ಹೊತ್ತಿಗೆ ಅರ್ಧ ಕಡಿಮೆ ಇದ್ದರೆ ತಿಳಿಯುತ್ತದೆ.

ದೊಡ್ಡ ಸ್ಟ್ಯಾಂಡ್ ಹಾಕುವುದು ನನಗೆ ಇವತ್ತಿಗೂ ಸರ್ಕಸ್. ಎಳೆಯಬಾರದು, ಸ್ಟ್ಯಾಂಡಿನ ಕಿವಿಯ ಮೇಲೆ ಪೂರ್ತಿ ಮೈಭಾರ ಹಾಕಿ ನಿಲ್ಲಬೇಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪೂರ್ತಿ ಮೈಭಾರವೇ ಸಾಲುವುದಿಲ್ಲ. ಕೊನೆಗೆ ಹಿಂದಿನ ಗಾಲಿಯನ್ನು ಒಂದು ಮಣೆಯ ಮೇಲೆ ಹತ್ತಿಸಿ ಆಮೇಲೆ ಒತ್ತಿದೆ, ಬೆಣ್ಣೆಯಂತೆ ಎದ್ದು ನಿಂತಿತು. ಅದು ಅವ್ವ ಊಟಕ್ಕೆ ಕೂರುವ ಮಣೆ ಅನ್ನುವುದು ಆಮೇಲೆ ದೊಡ್ಡ ಜಗಳ ಆಯಿತು. ಈಗ ಗಾಡಿಗೆ ಬೇರೆ ಹಲಗೆ ಇದೆ.

ಇನ್ನು ಉಣಕಲ್‌ನಲ್ಲಿ ಬಿದ್ದದ್ದರ ವಿಷಯ. ಅದು ಯಾವ ಸೀಟಿನಿಂದಲೂ ಪೂರ್ತಿ ಸರಿ ಹೋಗುವುದಲ್ಲ. ಮಳೆನೀರು ಹರಿಯಲಿ ಅಂತ ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನಾವು ಎಡಕ್ಕೆ ಓಡಿಸುವವರು, ಎಡಗಾಲು ಊರುವವರು. ಅಂದರೆ ಯಾವ ಕಡೆ ನೆಲ ತಗ್ಗಿದೆಯೋ ಅದೇ ಕಡೆ ನಮ್ಮ ಗಿಡ್ಡ ಕಾಲು ಚಾಚುತ್ತೇವೆ! ಈಗ ಅಂಚಿನಿಂದ ಒಂದು ಮೀಟರ್ ಒಳಗೇ ನಿಲ್ಲಿಸುತ್ತೇನೆ. ಅದಾಗದಿದ್ದರೆ ಮುಂದಿನ ಬ್ರೇಕ್ ಕೈಯಲ್ಲಿ ಹಿಡಿದು ಬಲಗಾಲು ಊರುತ್ತೇನೆ, ಆ ಕಡೆ ನೆಲ ಎತ್ತರ ಇರುತ್ತದೆ. ನಿಲ್ಲುವ ಮುಂಚೆಯೇ ಸೊಂಟವನ್ನು ಊರುವ ಕಾಲಿನ ಕಡೆ ಅರ್ಧ ಜಾರಿಸಬೇಕು. ಎರಡೂ ಕಾಲು ಒಟ್ಟಿಗೆ ಊರುವ ಆಸೆ ಬಿಟ್ಟ ದಿನ ನನ್ನ ಹೆದರಿಕೆಯ ಅರ್ಧ ಹೋಯಿತು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಲೇನು ಪಕ್ಕದಲ್ಲಿ ಸಂಜೆಯ ಟ್ರಾಫಿಕ್‌ನಲ್ಲಿ ಇಂಚಿಂಚೇ ಸರಿಯುವಾಗ ಇದೇ ಒಂದು ಕಾಲಿನ ಅಭ್ಯಾಸ ನನ್ನನ್ನು ಕಾದಿದೆ.

ಪಾರ್ಕಿಂಗ್ ಇನ್ನೊಂದು ಪಾಠ. ಧಾರವಾಡ ಸಪಾಟು ಊರಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಇರುವುದೇ ಛೋಟಾ ಮಹಾಬಳೇಶ್ವರ ಅನ್ನುವ ಗುಡ್ಡದ ಮೇಲೆ. ಅಲ್ಲೊಮ್ಮೆ ಇಳಿಜಾರಿಗೆ ಮುಖ ಮಾಡಿ, ಗೋಡೆಗೆ ಮೂತಿ ತಾಗಿಸಿ ನಿಲ್ಲಿಸಿದ್ದೆ. ವಾಪಸ್ ಬಂದು ಕೂತು ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿದೆ, ತಳ್ಳಿದೆ, ಒಂದಿಂಚೂ ಸರಿಯಲಿಲ್ಲ. ಇಬ್ಬರು ವಿದ್ಯಾರ್ಥಿಗಳು ಬಂದು ಎಳೆದರು. "ಅಂಕಲ್, ಹಿಡ್ಕೋರಿ" ಅಂದದ್ದು ಮಾತ್ರ ಮರೆತಿಲ್ಲ, ನನಗಿನ್ನೂ 38. ಈಗ ಎಲ್ಲಿ ಹೋದರೂ ಮೊದಲು ಇಳಿಜಾರು ನೋಡಿ, ಹೊರಡುವಾಗ ಮುಂದಕ್ಕೇ ಹೋಗುವಂತೆ ನಿಲ್ಲಿಸುತ್ತೇನೆ. ಹಿಂದಕ್ಕೆ ತಳ್ಳಲೇಬೇಕಾದರೆ ಕೆಳಗಿಳಿದು, ಸೊಂಟ ಟ್ಯಾಂಕಿಗೆ ಆನಿಸಿ ತಳ್ಳುತ್ತೇನೆ. ನಾಚಿಕೆ ಪಡುವಂಥದ್ದೇನಿಲ್ಲ.

ಇಷ್ಟೆಲ್ಲ ಆದ ಮೇಲೂ ಸೋತ ಜಾಗ ಒಂದಿದೆ. ಅದು ಎರೆ ಮಣ್ಣು. ಹೆಂಡತಿಯ ಊರು ನವಲಗುಂದದ ಕಡೆ. ಕಳೆದ ವರ್ಷ ಆಗಸ್ಟ್‌ನಲ್ಲಿ ಮಳೆ ಬಿದ್ದ ಮರುದಿನ ಹೊಲದ ದಾರಿಗೆ ಇಳಿಸಿದೆ. ಮಣ್ಣು ಗಾಲಿಗೆ ಸುತ್ತಿ ಮಡ್‌ಗಾರ್ಡ್ ಒಳಗೆ ತುಂಬಿತು, ಗಾಲಿ ತಿರುಗುವುದೇ ನಿಂತಿತು. ಅಂಥ ಕಡೆ ಎರಡೂ ಕಾಲು ಪೂರ್ತಿ ಊರಿ ಗಾಡಿಯನ್ನು ನಡೆಸುವಂತಿರಬೇಕು. ನನ್ನಿಂದ ಆಗಲಿಲ್ಲ, ಬಿದ್ದೆ. ಹೊಲದಲ್ಲಿ ಹೆಸರುಕಾಯಿ ಬಿಡಿಸಲು ಬಂದಿದ್ದವರು ಎತ್ತಿದರು. "ಅಳಿಯಂದಿರು ನಡಕೊಂತ ಬಂದಿದ್ರ ಲಗೂನ ಮುಟ್ತಿದ್ರು" ಅಂತ ಒಬ್ಬ ಅಜ್ಜಿ ನಕ್ಕಳು. ಎತ್ತರದವರೂ ಆ ಮಣ್ಣಿನಲ್ಲಿ ಬೀಳುತ್ತಾರೆ, ಆದರೆ ನಾನು ಅವರಿಗಿಂತ ಮೊದಲು ಬೀಳುತ್ತೇನೆ.

ಕೊಳ್ಳುವ ಮೊದಲು ನನ್ನಂತೆ ಕಾಗದ ನೋಡಬೇಡಿ. ದಿನಾ ಹಾಕುವ ಚಪ್ಪಲಿ ಅಥವಾ ಬೂಟಿನಲ್ಲೇ ಹೋಗಿ, ಸೈಡ್ ಸ್ಟ್ಯಾಂಡಿನಿಂದ ಎತ್ತಿ ನೆಟ್ಟಗೆ ಹಿಡಿದು ಕೂರಿ, ಷೋರೂಮಿನ ನುಣುಪು ಟೈಲ್ಸ್ ಬಿಟ್ಟು ಹೊರಗಿನ ರಸ್ತೆಗೆ ತರಿಸಿ. ಇಷ್ಟೆಲ್ಲ ತಾಪತ್ರಯ ಬೇಡ ಅನ್ನುವವರಿಗೆ ಅದೇ ಕಂಪನಿಯ ಮೀಟಿಯಾರ್ 350 ಇದೆ, ಸೀಟು 765 ಮಿ.ಮೀ. ನಾನೂ ಅದರ ಮೇಲೆ ಕೂತು ನೋಡಿದ್ದೆ, ಕಾಲು ಆರಾಮಾಗಿ ಊರಿತ್ತು. ಆದರೆ ಗದಗಿನಲ್ಲಿ ನಮ್ಮ ಕಾಕಾನ ಬುಲೆಟ್ ನೋಡುತ್ತಾ ಬೆಳೆದವನಿಗೆ ಕ್ಲಾಸಿಕ್ ಬಿಟ್ಟು ಬೇರೆ ಕಣ್ಣಿಗೆ ಹತ್ತಲಿಲ್ಲ. ಅದಕ್ಕೆ ಲೆಕ್ಕಾಚಾರ ಇಲ್ಲ.

ಕಂಪನಿಯ ಆ ಎರಡನೇ ಸೀಟು ಇನ್ನೂ ಅಟ್ಟದ ಮೇಲೆ ಇದೆ. ಗಾಡಿ ಮಾರುವಾಗ ಎತ್ತರದವರು ಯಾರಾದರೂ ಬಂದರೆ ಹಾಕಿ ಕೊಡಬೇಕು. ಸದ್ಯಕ್ಕೆ ಅದರ ಮೇಲೆ ಬೆಕ್ಕು ಮಲಗುತ್ತದೆ.