ಮಗನ ಫೋನಿಗೆ ಫ್ಯಾಮಿಲಿ ಲಿಂಕ್: ಬಹಳ ದಿನ ಬಳಸಿದ ಮೇಲೆ ಬರೆಯುತ್ತಿರೋದು

ಮಕ್ಕಳ ಫೋನಿನ ಮೇಲೆ ತಂದೆ-ತಾಯಿ ಕಣ್ಣಿಡೋಕೆ ಇರುವ ಆ್ಯಪ್ ಗೂಗಲ್ ಫ್ಯಾಮಿಲಿ ಲಿಂಕ್. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಗ ಐದನೇ ಕ್ಲಾಸಿನಲ್ಲಿದ್ದಾಗ ಹಾಕಿದ್ದು, ಈಗ ಏಳನೇ ಕ್ಲಾಸು. ಪ್ಲೇ ಸ್ಟೋರ್‌ನಿಂದ ಹೊಸ ಆ್ಯಪ್ ಇಳಿಸಲು ಹೋದರೆ ನನ್ನ ಒಪ್ಪಿಗೆ ಕೇಳುತ್ತದೆ. ಇದು ಎಲ್ಲರಿಗೂ ಗೊತ್ತಿರೋದೇ.

ನನಗೆ ಜಾಸ್ತಿ ಉಪಯೋಗಕ್ಕೆ ಬಿದ್ದದ್ದು ಪರ್ಮಿಶನ್‌ಗಳ ಪಟ್ಟಿ. ಯಾವ ಆ್ಯಪ್‌ಗೆ ಮೈಕ್, ಲೊಕೇಶನ್, ಕಾಂಟ್ಯಾಕ್ಟ್ ಸಿಕ್ಕಿದೆ ಅಂತ ನನ್ನ ಫೋನಿನಲ್ಲೇ ನೋಡಿ ಬಂದ್ ಮಾಡಬಹುದು. ಕೀಬೋರ್ಡಿಗೆ ಬಣ್ಣ ಹಚ್ಚುವ ಒಂದು ಆ್ಯಪ್ ಲೊಕೇಶನ್ ಇಸ್ಕೊಂಡಿತ್ತು. ಬಣ್ಣಕ್ಕೂ ನಾವಿರೋ ಜಾಗಕ್ಕೂ ಏನು ಸಂಬಂಧ ಹೇಳಿ! ಬಂದ್ ಮಾಡಿದೆ, ಬಣ್ಣ ಏನೂ ಮಾಸಲಿಲ್ಲ. ಒಮ್ಮೆ ಒಪ್ಪಿದ ಆ್ಯಪ್ ಅಪ್‌ಡೇಟ್ ಆಗುವಾಗ ಮತ್ತೆ ನಮ್ಮನ್ನು ಕೇಳೋದಿಲ್ಲ. ಅದಕ್ಕೇ ಈ ಪಟ್ಟಿ ಆಗಾಗ ತೆಗೆದು ನೋಡಬೇಕು.

ಆದರೆ ಆಟದೊಳಗಿನ ಚಾಟ್ ಇದರಲ್ಲಿ ಕಾಣೋದಿಲ್ಲ. ಮಗ ಆಡುವ ಶೂಟಿಂಗ್ ಗೇಮ್‌ನಲ್ಲಿ ಅವನ ಪ್ರೊಫೈಲ್ ತೆಗೆಸಿ ನೋಡಿದೆ. ಹೆಸರು, ಹುಟ್ಟಿದ ವರ್ಷ, ನಮ್ಮ ಸೆಕ್ಟರ್ ನಂಬರ್, ಮೂರೂ ಕೂಡಿಸಿ ಐಡಿ ಮಾಡಿಕೊಂಡಿದ್ದ. ನಾವಿರೋದು ಬಾಗಲಕೋಟೆಯ ನವನಗರ. ಆಲಮಟ್ಟಿ ಹಿನ್ನೀರಲ್ಲಿ ಮನೆ ಕಳಕೊಂಡವರಿಗಾಗಿ ಕಟ್ಟಿದ್ದು. ಇಲ್ಲಿ ವಿಳಾಸ ಅಂದರೆ ಸೆಕ್ಟರ್ ನಂಬರೇ. ಹೆಸರೂ ಸೆಕ್ಟರೂ ಗೊತ್ತಿದ್ದವರು ಕಿರಾಣಿ ಅಂಗಡಿಯಲ್ಲಿ ಕೇಳಿಕೊಂಡು ಸೀದಾ ಮನೆಗೆ ಬರಬಹುದು. “ಅವ್ವಾ, ನಮ್ಮ ಓಣಿ ಹುಡುಗ್ರೆಲ್ಲಾ ಹಂಗ ಇಟ್ಕೊಂಡಾರ” ಅಂದ. ಐಡಿ ಬದಲಾಯಿಸಿದೆವು. ವಾಯ್ಸ್ ಚಾಟ್ ಗೊತ್ತಿದ್ದವರಿಗಷ್ಟೇ ಮಾಡಿದೆವು. ಇದನ್ನೆಲ್ಲಾ ಆ ಆಟದ ಸೆಟ್ಟಿಂಗ್ಸ್‌ಗೇ ಹೋಗಿ ಮಾಡಬೇಕಾಯ್ತು.

ಇನ್ನೊಂದು ತಮಾಷೆ. ಐಡಿಯಲ್ಲಿ ನಿಜವಾದ ವರ್ಷ, ಆಟದ ಫಾರ್ಮ್‌ನಲ್ಲಿ ಮಾತ್ರ ಸುಳ್ಳು ವರ್ಷ! 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ತಂದೆ-ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಈ ಆಟದಲ್ಲಿ ವರ್ಷ ಹಿಂದಕ್ಕೆ ಸರಿಸಿದರೆ ಸಾಕು, ನಮ್ಮ ಏಳನೇ ಕ್ಲಾಸಿನವನೂ ಮೂವತ್ತರ ಗಂಡಸು.

ಫ್ಯಾಮಿಲಿ ಲಿಂಕ್‌ನಲ್ಲಿ ಮಗು ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ತೋರಿಸುವ ಸೌಲಭ್ಯವೂ ಇದೆ. ಟ್ಯೂಶನ್ ಬಿಟ್ಟನೋ ಇಲ್ಲವೋ ನೋಡೋಕೆ ನಮ್ಮ ಮನೆಯವರಿಗೆ ಅದು ಬೇಕು. ನಾನು ಆಫ್ ಮಾಡಿಟ್ಟಿದ್ದೇನೆ. ಕಂಡಕಂಡ ಆ್ಯಪ್‌ಗಳಿಂದ ಲೊಕೇಶನ್ ಕಿತ್ತುಕೊಂಡು, ಅವನ ಓಡಾಟವನ್ನೆಲ್ಲ ಇಲ್ಲಿ ಸುಮ್ನೆ ದಾಖಲು ಮಾಡೋದು ಯಾಕೆ? ಈ ಜಗಳ ಇನ್ನೂ ಮುಗಿದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್, ಅದೂ ಪರ್ಮಿಶನ್ ಪಟ್ಟಿಗಾಗಿ.