15 ಲೀಟರ್ ಗೀಸರ್ ಹಾಕಿಸಲು ನಿಜವಾಗಿ ಎಷ್ಟು ಬೇಕು? ಮೈಸೂರಿನ ಹಳೇ ಮನೆಯೊಂದರ ಲೆಕ್ಕ

ಗೀಸರ್ ಬೆಲೆ 8,500 ರೂಪಾಯಿ. ಅದು ಗೋಡೆಗೆ ಕೂತು ನಲ್ಲಿಯಲ್ಲಿ ಬಿಸಿನೀರು ಬರುವ ಹೊತ್ತಿಗೆ ಒಟ್ಟು ಖರ್ಚು 20,000 ದಾಟಿತು. ಮಿಕ್ಕ ದುಡ್ಡು ಎಲ್ಲಿ ಹೋಯಿತು ಅಂತ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕಂಪನಿ ಹೆಸರು ಹಾಕುತ್ತಿಲ್ಲ. 7 ಸಾವಿರದಿಂದ 11 ಸಾವಿರದೊಳಗೆ ಸಿಗುವ ಒಳ್ಳೆ ಕಂಪನಿಗಳ 15 ಲೀಟರ್ ಗೀಸರ್‌ಗಳಲ್ಲಿ ಅಂಥ ಜಾಸ್ತಿ ವ್ಯತ್ಯಾಸ ಇಲ್ಲ, ಇರುವ ವ್ಯತ್ಯಾಸವೆಲ್ಲ ಅದನ್ನು ಕೂರಿಸುವ ರೀತಿಯಲ್ಲಿದೆ.

ಮನೆ ಮೈಸೂರಿನ ಕುವೆಂಪುನಗರದಲ್ಲಿ, ಅಪ್ಪ ಕಟ್ಟಿಸಿದ್ದು. ಇಷ್ಟು ವರ್ಷ ಬಚ್ಚಲಲ್ಲಿ ಹಂಡೆ ಒಲೆಯೇ ಇತ್ತು. ಸೌದೆ ಹೊಗೆ ಅಮ್ಮನಿಗೆ ಆಗುತ್ತಿರಲಿಲ್ಲ, ಕೆಮ್ಮು ನಿಲ್ಲುತ್ತಲೇ ಇರಲಿಲ್ಲ.

ಮೊದಲು ಸೋಲಾರ್ ಕೇಳಿದೆವು. 200 ಲೀಟರಿನದು 30 ಸಾವಿರದ ಆಸುಪಾಸು ಅಂದರು, ಆದರೆ ತೊಡಕು ಬೆಲೆಯಲ್ಲ. ಮಾಮೂಲಿ ಸೋಲಾರ್‌ಗೆ ನೀರು ತಾನಾಗೇ ಇಳಿದು ಬರಬೇಕು, ಹಾಗಾಗಿ ತಾರಸಿಯ ನೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ನಮ್ಮದು ಮೊಣಕಾಲೆತ್ತರದ ಕಟ್ಟೆ ಮೇಲಿದೆ. ಹೊಸ ಸ್ಟ್ಯಾಂಡ್ ಕಟ್ಟಿಸಬೇಕು, ಮೇಲೆ ಪಕ್ಕದ ತೆಂಗಿನಮರದ ನೆರಳು ಬೇರೆ. ಸೋಲಾರ್ ವಾಟರ್ ಹೀಟರ್‌ಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸಬ್ಸಿಡಿಯೂ 2014ರಲ್ಲೇ ನಿಂತುಹೋಗಿದೆ. ಬಿಟ್ಟೆವು.

ಗ್ಯಾಸ್ ಗೀಸರ್ ಹಾಕಿಸಿ, ಅಗ್ಗ, ಅಂತ ಪಕ್ಕದ ಮನೆಯವರು ಹೇಳಿದರು. ಇದಕ್ಕೆ ಮಾತ್ರ ನಾನು ಖಂಡಿತ ಒಪ್ಪಲಿಲ್ಲ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಸ್ನಾನ ಮಾಡುತ್ತಿದ್ದವರು ಅಲ್ಲೇ ಕುಸಿದು ಬಿದ್ದ ಸುದ್ದಿಗಳನ್ನು ನಮ್ಮ ರಾಜ್ಯದಲ್ಲೇ ಎಷ್ಟು ಸಲ ಓದಿದ್ದೇವೆ ಅಲ್ವಾ? ಹಾಕಲೇಬೇಕು ಅಂದರೆ ಗೀಸರ್ ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಇರಲಿ. ದಯವಿಟ್ಟು ಒಳಗೆ ಬೇಡ.

3 ಲೀಟರಿನ ಇನ್‌ಸ್ಟಂಟ್ ಗೀಸರ್ ಅಡುಗೆಮನೆಗೆ ಸರಿ. ಅದರದು 3 ಕಿಲೋವ್ಯಾಟ್ ಕಾಯಿಲ್. 25 ಡಿಗ್ರಿ ನೀರನ್ನು ಸ್ನಾನಕ್ಕೆ ಬೇಕಾದ 40ಕ್ಕೆ ಏರಿಸಿ ಬಿಡುತ್ತಾ ಹೋದರೆ ನಿಮಿಷಕ್ಕೆ ಸುಮಾರು 3 ಲೀಟರ್ ಬರುತ್ತದೆ, ಅಷ್ಟೇ. ಬಕೆಟ್ ತುಂಬುವವರೆಗೆ ವಯಸ್ಸಾದವರು ಚಳಿಯಲ್ಲಿ ನಿಂತಿರಬೇಕು. ಅದಕ್ಕೇ 15 ಲೀಟರಿನ ಸ್ಟೋರೇಜ್ ಗೀಸರ್, 2 ಕಿಲೋವ್ಯಾಟ್, 5 ಸ್ಟಾರ್. 60 ಡಿಗ್ರಿಗೆ ಕಾದ 15 ಲೀಟರಿಗೆ 20 ಲೀಟರ್ ತಣ್ಣೀರು ಬೆರೆಸಿದರೆ 40 ಡಿಗ್ರಿಯ 35 ಲೀಟರ್ ಸಿಗುತ್ತದೆ. ಎರಡು ಬಕೆಟ್ ಆಯಿತು. ಒಬ್ಬರ ಸ್ನಾನಕ್ಕೆ ಧಾರಾಳ.

ಈಗ ಖರ್ಚಿನ ಮಾತು. ದೊಡ್ಡ ಭಾಗ ಹೋಗಿದ್ದು ಕರೆಂಟ್ ಕೆಲಸಕ್ಕೆ, ಮತ್ತು ಅದರ ಒಂದು ರೂಪಾಯಿಯೂ ದಂಡ ಅಂತ ನನಗೆ ಅನ್ನಿಸಿಲ್ಲ. ಗೀಸರ್ ತರುವ ಮೊದಲೇ ಗೊತ್ತಿದ್ದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಬಚ್ಚಲ ಪಕ್ಕ ಒಂದು ಮೂರು ಪಿನ್ನಿನ ಸಾಕೆಟ್ ಇತ್ತು, ನೋಡಲು ಚೆನ್ನಾಗೇ ಇತ್ತು. ಅವರು ಟೆಸ್ಟ್ ಬಲ್ಬಿನ ಒಂದು ವೈರನ್ನು ಫೇಸ್‌ಗೆ, ಇನ್ನೊಂದನ್ನು ಅರ್ತ್ ತೂತಿಗೆ ಹಿಡಿದರು. ಬಲ್ಬ್ ಮಿಣುಕ್ ಅಂತ ಕೆಂಪಗೆ ಆಯಿತು, ಉರಿಯಲಿಲ್ಲ. ಅರ್ತ್ ಸರಿ ಇದ್ದಿದ್ದರೆ ಪೂರ್ತಿ ಬೆಳಕು ಬರಬೇಕಿತ್ತು. ಅಂದರೆ ಆ ಮೂರನೇ ಪಿನ್ನು ಹೆಸರಿಗಷ್ಟೇ. ಗೀಸರಿನ ಕಾಯಿಲ್ ಒಡೆದು ನೀರಿಗೆ ಕರೆಂಟ್ ಇಳಿದರೆ ಅದು ಭೂಮಿಗೆ ಹೋಗಲು ದಾರಿ ಇಲ್ಲ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಮೈಮೂಲಕವೇ ಹೋಗಬೇಕು. (ಇದನ್ನು ನೀವೇ ಮಾಡಲು ಹೋಗಬೇಡಿ, ಗೊತ್ತಿರುವವರ ಕೈಲಿ ಮಾಡಿಸಿ.)

ಹಾಗಾಗಿ ಹಿತ್ತಲಲ್ಲಿ ಹೊಸ ಅರ್ತ್ ಗುಂಡಿ ತೆಗೆಸಿದೆವು. ಪೈಪು, ಇದ್ದಿಲು, ಉಪ್ಪು, ಕೂಲಿ ಎಲ್ಲ ಸೇರಿ 3,000. ಮೇನ್ ಬೋರ್ಡಿನಿಂದ ಗೀಸರಿಗೆ ಅಂತಲೇ ಬೇರೆ ಲೈನು, ಅದಕ್ಕೊಂದು ಎಂಸಿಬಿ (ತಾನಾಗೇ ಬೀಳುವ ಸ್ವಿಚ್), 16 ಆಂಪ್ಸ್ ಸಾಕೆಟ್, ಜೊತೆಗೆ 30 ಮಿಲಿ ಆಂಪ್ಸ್‌ನಷ್ಟು ಕರೆಂಟ್ ಸೋರಿದರೂ ಲೈನ್ ಕಡಿಯುವ ಆರ್‌ಸಿಸಿಬಿ, ಇವಕ್ಕೆ 6,000. 2 ಕಿಲೋವ್ಯಾಟ್ ಗೀಸರ್ ಎಳೆಯುವುದು 9 ಆಂಪ್ಸ್‌ಗಿಂತ ಸ್ವಲ್ಪ ಕಮ್ಮಿ, ಅದಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು. ನಮ್ಮಲ್ಲಿ ಬೋರ್ಡಿನಿಂದ ಬಚ್ಚಲು ದೂರ ಅಂತ 4 ಸ್ಕ್ವೇರ್ ಎಂಎಂ ವೈರ್ ಎಳೆದರು. ಎಂಸಿಬಿ ಇದ್ದರೆ ಆರ್‌ಸಿಸಿಬಿ ಯಾಕೆ ಅಂತ ಅಪ್ಪ ಕೇಳಿದರು. ಎಂಸಿಬಿ ಬೀಳುವುದು ವೈರಿಗೆ ತಡೆಯಲಾರದಷ್ಟು ಕರೆಂಟ್ ಹರಿದಾಗ. ಮನುಷ್ಯನಿಗೆ ಹೊಡೆಯುವ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಅದನ್ನು ಹಿಡಿಯುವುದು ಆರ್‌ಸಿಸಿಬಿ ಮಾತ್ರ. ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಹಳೇ ಮನೆಯವರು ಮಂಜೂರಾದ ಲೋಡ್ (ಮನೆಗೆ ಒಟ್ಟು ಎಷ್ಟು ಕಿಲೋವ್ಯಾಟ್‌ಗೆ ಕರೆಂಟ್ ಮಂಜೂರಾಗಿದೆ ಅನ್ನುವುದು) ಎಷ್ಟು ಅಂತಲೂ ಬಿಲ್ಲಿನಲ್ಲಿ ನೋಡಿಕೊಳ್ಳಿ. 1 ಕಿಲೋವ್ಯಾಟ್ ಅಂತ ಇದ್ದರೆ ಗೀಸರ್ ಒಂದೇ ಅದರ ಎರಡು ಪಟ್ಟಾಗುತ್ತದೆ. ಜಾಸ್ತಿ ಮಾಡಿಸಿದರೆ ತಿಂಗಳ ನಿಗದಿತ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ. ನಮ್ಮದು 3 ಇತ್ತು, ತೊಂದರೆ ಆಗಲಿಲ್ಲ.

ನೀರಿನ ಕೆಲಸ 2,200. ಬಿಸಿನೀರಿನ ಕಡೆ ಸಿಪಿವಿಸಿ ಪೈಪೇ ಹಾಕಿಸಿ, ತಣ್ಣೀರಿಗೆ ಹಾಕುವ ಬಿಳಿ ಪಿವಿಸಿ ಬಿಸಿಗೆ ಮೆತ್ತಗಾಗಿ ಜಾಯಿಂಟಿನಲ್ಲಿ ಬಿಟ್ಟುಕೊಳ್ಳುತ್ತದೆ. ಅಂಗಡಿಯಲ್ಲಿ 8 ಬಾರ್ ಪ್ರೆಷರ್ ತಡೆಯುತ್ತೆ ಅಂತ ಬಹಳ ಹೇಳುತ್ತಾರೆ. ಎತ್ತರದ ಅಪಾರ್ಟ್‌ಮೆಂಟಿಗೆ, ಪ್ರೆಷರ್ ಪಂಪ್ ಇರುವ ಮನೆಗೆ ಅದು ಬೇಕು. 10 ಮೀಟರ್ ಎತ್ತರದ ನೀರಿಗೆ 1 ಬಾರ್. ನಮ್ಮ ಒಂದಂತಸ್ತಿನ ಮನೆಯಲ್ಲಿ ಅರ್ಧ ಬಾರೂ ಬರುವುದಿಲ್ಲ, ಅದಕ್ಕಾಗಿ ಸುಮ್ನೆ ಸಾವಿರ ರೂಪಾಯಿ ಜಾಸ್ತಿ ಕೊಡುವ ಅಗತ್ಯ ಇಲ್ಲ.

ಬೇಸರ ಆಗಿದ್ದು ಒಂದೇ ಕಡೆ. ಅಂಗಡಿಯವರು "ಇನ್‌ಸ್ಟಾಲೇಶನ್ ಪೂರ್ತಿ ಫ್ರೀ ಸಾರ್" ಅಂದಿದ್ದರು. ಕಂಪನಿ ಹುಡುಗ ಬಂದಾಗ ಫ್ರೀ ಅನ್ನುವುದು ಗೋಡೆಗೆ ತೂತು ಕೊರೆದು ನೇತುಹಾಕುವುದಕ್ಕೆ ಮಾತ್ರ ಅಂತ ಗೊತ್ತಾಯಿತು. ಎರಡು ಕನೆಕ್ಷನ್ ಪೈಪು, ಬೋಲ್ಟು, ಎಲ್ಲ ಸೇರಿ 700 ಬೇರೆ. ದುಡ್ಡು ದೊಡ್ಡದಲ್ಲ, ಆದರೆ ಮೊದಲೇ ಹೇಳಬಹುದಿತ್ತು. ಕೊಳ್ಳುವಾಗ "ಪೈಪು ಸೇರಿದೆಯಾ, ಸೇಫ್ಟಿ ವಾಲ್ವ್ ಡಬ್ಬದಲ್ಲೇ ಇದೆಯಾ" ಅಂತ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಹುಡುಗನ ಕೆಲಸಕ್ಕೆ ಮಾತ್ರ ಪೂರ್ತಿ ಅಂಕ. ಸ್ವಿಚ್ ಹಾಕುವ ಮೊದಲು ಬಿಸಿನೀರಿನ ನಲ್ಲಿ ತೆರೆದು, ಟ್ಯಾಂಕ್ ತುಂಬಿ ನೀರು ಧಾರೆಯಾಗಿ ಬರುವವರೆಗೆ ಕಾದರು, ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕಾದರೆ ಸುಟ್ಟುಹೋಗುತ್ತದೆ. ನೀರು ಕಾಯುವಾಗ ಒಳಗಿನ ಒತ್ತಡ ಹೊರಬಿಡುವ ಸೇಫ್ಟಿ ವಾಲ್ವಿನಿಂದ ಹನಿ ಬೀಳುವುದು ಸಹಜ, ಸೋರುತ್ತಿದೆ ಅಂತ ಅದನ್ನು ಯಾವತ್ತೂ ಮುಚ್ಚಬೇಡಿ ಅಂತ ಅಮ್ಮನಿಗೆ ತೋರಿಸಿಯೇ ಹೇಳಿದರು.

ಬಳಕೆ ಹೇಗಿದೆ ಅಂದರೆ, ಸ್ವಿಚ್ ಹಾಕಿದ 20 ನಿಮಿಷಕ್ಕೆ ನೀರು ರೆಡಿ. ಒಂದು ಸಲ ಕಾಯಲು ಮುಕ್ಕಾಲು ಯೂನಿಟ್‌ಗಿಂತ ಕಮ್ಮಿ, ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೆ 4 ರೂಪಾಯಿ ಚಿಲ್ಲರೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 80 ಯೂನಿಟ್ ಹತ್ತಿರ ಇದೊಂದಕ್ಕೇ ಆಗಬಹುದು. ಗೃಹಜ್ಯೋತಿ ಇರುವವರು ಇದನ್ನು ಮೊದಲೇ ಲೆಕ್ಕ ಹಾಕಿ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಅಪ್ಪ ಅಮ್ಮ ಇಬ್ಬರೇ ಇರುವುದರಿಂದ ಅವರು ಆ ಗೆರೆ ದಾಟುವುದಿಲ್ಲ.

ಬೋರ್‌ವೆಲ್ ನೀರಿನ ಮನೆಗೆ ಇನ್ನೊಂದು ಮಾತು. ಗಡಸು ನೀರಿಗೆ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ನೀರು ಕಾಯುವುದು ನಿಧಾನ ಆಗುತ್ತದೆ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆದು ಕಾಪಾಡುವ ಮೆಗ್ನೀಷಿಯಂ ಕಡ್ಡಿಯೊಂದು ಒಳಗಿರುತ್ತದೆ, ಅದೂ ಬೇಗ ಮುಗಿಯುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ನೋಡಿಸಿ. ನಮಗೆ ಬರುವುದು ನಗರದ ನಲ್ಲಿ ನೀರು, ಹಾಗಾಗಿ ಅಂಗಡಿಯವರು ಹೇಳಿದ ವಾರ್ಷಿಕ ಸರ್ವಿಸ್ ಕರಾರು ತೆಗೆದುಕೊಂಡಿಲ್ಲ, ಕಡ್ಡಿ ಬದಲಿಸುವಾಗ ಆ ಕೆಲಸಕ್ಕೆ ಮಾತ್ರ ದುಡ್ಡು ಕೊಡುತ್ತೇವೆ.